14 ಡಿಗ್ರಿ ಅಕ್ಷಾಂಶದಲ್ಲಿ ದೊಡ್ಡ ಟೆಲಿಸ್ಕೋಪ್: ಕೊಳವೆಗಿಂತ ಮೊದಲು ಮೌಂಟ್

ಚಿತ್ರದುರ್ಗದಲ್ಲಿ ಆಕಾಶವೀಕ್ಷಣೆಯ ಹವ್ಯಾಸಿಗಳಿಗೆ ಕೊಟ್ಟ ಉಪನ್ಯಾಸದ ಬರಹ ರೂಪ. ಸಭೆಯಲ್ಲಿ ಬಂದ ಪ್ರಶ್ನೆಗಳನ್ನು ಆಯಾ ಜಾಗದಲ್ಲೇ ಸೇರಿಸಲಾಗಿದೆ.

ಎಲ್ಲರಿಗೂ ನಮಸ್ಕಾರ.

ಇಲ್ಲಿ ಕೂತಿರುವ ಹೆಚ್ಚಿನವರ ಮನೆಯಲ್ಲಿ 70 ಮಿ.ಮೀ. ಮಸೂರದ್ದೋ, 114 ಇಲ್ಲವೇ 130 ಮಿ.ಮೀ. ಕನ್ನಡಿಯದ್ದೋ ಒಂದು ಟೆಲಿಸ್ಕೋಪ್ ಇದೆ ಅಂತ ಇಟ್ಟುಕೊಳ್ಳೋಣ. ಚಂದ್ರನ ಕುಳಿಗಳು, ಶನಿಯ ಬಳೆ, ಗುರುವಿನ ನಾಲ್ಕು ಚಂದ್ರರು ಎಲ್ಲ ನೋಡಿ ಆಗಿದೆ. ಐಪೀಸ್‌ಗೆ ಮೊಬೈಲ್ ಹಿಡಿದು ಮಹಾವ್ಯಾಧದ ನೀಹಾರಿಕೆಯ ಒಂದು ಮಸುಕು ಚಿತ್ರವೂ ಸಿಕ್ಕಿದೆ. ಈಗ ದೊಡ್ಡದು ಬೇಕು. ಮಾರಾಟಗಾರರ ಪಟ್ಟಿ ತೆರೆದರೆ ಎಂಟು ಇಂಚು, ಹತ್ತು ಇಂಚು ಅಂತ ಕನ್ನಡಿಯ ಅಳತೆಯೇ ದಪ್ಪಕ್ಷರದಲ್ಲಿ ಕಣ್ಣಿಗೆ ಹೊಡೆಯುತ್ತದೆ.

ಇವತ್ತಿನ ಮಾತು ಇಷ್ಟೇ: ಕಣ್ಣಿಂದ ನೋಡುವುದಾದರೆ ಕನ್ನಡಿಗೆ ದುಡ್ಡು ಹಾಕಿ, ಫೋಟೊ ತೆಗೆಯುವುದಾದರೆ ಮೌಂಟ್‌ಗೆ, ಅಂದರೆ ಕೊಳವೆಯನ್ನು ಹೊತ್ತು ತಿರುಗಿಸುವ ಯಂತ್ರಕ್ಕೆ ಹಾಕಿ. ಮೌಂಟ್ ಆರಿಸುವಾಗ ಯುರೋಪು, ಅಮೆರಿಕದವರು ಬರೆದಿಟ್ಟ ಸಲಹೆಯನ್ನು ಹಾಗೇ ನಂಬಬೇಡಿ. ಅವರ ಧ್ರುವತಾರೆ 40, 50 ಡಿಗ್ರಿ ಮೇಲಿದೆ. ಚಿತ್ರದುರ್ಗದ ಅಕ್ಷಾಂಶ 14.2, ದಾವಣಗೆರೆಯದು 14.5 ಡಿಗ್ರಿ ಉತ್ತರ. ಈ ಒಂದು ಸಂಖ್ಯೆಯಿಂದ ಟ್ರೈಪಾಡಿನ ಕಾಲು ಎತ್ತ ಮುಖ ಮಾಡಬೇಕು ಅನ್ನುವವರೆಗೆ ಎಲ್ಲ ಬದಲಾಗುತ್ತದೆ.

"ನೋಡೋದಕ್ಕೂ ಫೋಟೊಗೂ ಒಂದೇ ತಗೊಂಡ್ರೆ ಆಗಲ್ವಾ ಸರ್?" ಅಂತ ಶುರುವಿಗೇ ಒಬ್ಬರು ಕೇಳಿದರು. ಆಗುತ್ತದೆ, ಆದರೆ ಎರಡೂ ಅರೆಬರೆ. ನೋಡಲು ಕನ್ನಡಿ ದೊಡ್ಡದಿರಬೇಕು, ಹತ್ತು ನಿಮಿಷದಲ್ಲಿ ಅಂಗಳಕ್ಕೆ ಬಂದು ಕೂರಬೇಕು. ಫೋಟೊಗೆ ಕೊಳವೆ ಚಿಕ್ಕದಾದರೂ ನಡೆಯುತ್ತದೆ, ಆದರೆ ಗಂಟೆಗಟ್ಟಲೆ ಒಂದೆರಡು ಆರ್ಕ್‌ಸೆಕೆಂಡಿಗಿಂತ (ಒಂದು ಆರ್ಕ್‌ಸೆಕೆಂಡ್ ಅಂದರೆ ಡಿಗ್ರಿಯ 3600ನೇ ಒಂದು ಭಾಗ) ಹೆಚ್ಚು ಅಲುಗಬಾರದು. ಈ ಎರಡು ಗುಣ ಒಂದೇ ಉಪಕರಣದಲ್ಲಿ ಬೇಕೆಂದರೆ ಬೆಲೆಯೂ ತೂಕವೂ ಕೈಮೀರುತ್ತವೆ.

ಕಣ್ಣಿಗೆ ಡಾಬ್ಸೋನಿಯನ್

ನೋಡುವವರ ಭಾಗವನ್ನು ಬೇಗ ಮುಗಿಸುತ್ತೇವೆ, ಇಲ್ಲಿ ಗೊಂದಲ ಕಡಿಮೆ. ಡಾಬ್ಸೋನಿಯನ್ ಅಂದರೆ ಪೆಟ್ಟಿಗೆಯಂಥ ತಳದ ಮೇಲೆ ಕೂರಿಸಿ ಕೈಯಿಂದ ತಿರುಗಿಸುವ ಕನ್ನಡಿಯ ಟೆಲಿಸ್ಕೋಪ್. ಕನ್ನಡಿ ಹಿಡಿಯುವ ಬೆಳಕು ಅದರ ವ್ಯಾಸದ ವರ್ಗಕ್ಕೆ ತಕ್ಕಂತೆ ಏರುತ್ತದೆ. 130 ಮಿ.ಮೀ.ನಿಂದ 203 ಮಿ.ಮೀ.ಗೆ, ಅಂದರೆ ಎಂಟು ಇಂಚಿಗೆ ಹೋದರೆ 2.4 ಪಟ್ಟು. ಹತ್ತು ಇಂಚಿಗೆ ಹೋದರೆ 3.8 ಪಟ್ಟು. 70 ಮಿ.ಮೀ.ನಿಂದ ಎಂಟು ಇಂಚಿಗೆ ಬಂದವರಿಗೆ ಎಂಟು ಪಟ್ಟಿಗೂ ಮೇಲೆ. 130ರಲ್ಲಿ ಹತ್ತಿಯ ಉಂಡೆಯಂತೆ ಕಾಣುವ ಗೋಳಾಕಾರದ ತಾರಾಗುಚ್ಛಗಳು ಎಂಟು ಇಂಚಿನಲ್ಲಿ ಅಂಚಿನಿಂದ ಒಂದೊಂದೇ ನಕ್ಷತ್ರವಾಗಿ ಬಿಡಿಸಿಕೊಳ್ಳುತ್ತವೆ. ಒಮೆಗಾ ಸೆಂಟಾರಿ ನಮ್ಮಲ್ಲಿ ದಕ್ಷಿಣ ದಿಗಂತದಿಂದ 28 ಡಿಗ್ರಿ ಏರುತ್ತದೆ, ಏಪ್ರಿಲ್ ನಡುವಿನಲ್ಲಿ ಮಧ್ಯರಾತ್ರಿಯ ಹೊತ್ತಿಗೆ ತನ್ನ ಗರಿಷ್ಠ ಎತ್ತರದಲ್ಲಿರುತ್ತದೆ. ಲಂಡನ್ನಿನವರಿಗೆ ಅದು ಎಂದೂ ಮೂಡುವುದಿಲ್ಲ. ಸಮಭಾಜಕಕ್ಕೆ ಹತ್ತಿರವಿದ್ದರೆ ಎರಡೂ ಗೋಲಾರ್ಧದ ಆಕಾಶ ಸಿಗುತ್ತದೆ ಅನ್ನುವ ಲೆಕ್ಕದಲ್ಲೇ ವೇಣು ಬಾಪು ಅವರು ತಮಿಳುನಾಡಿನ ಕಾವಲೂರನ್ನು ವೀಕ್ಷಣಾಲಯಕ್ಕೆ ಆರಿಸಿದ್ದು. ಆ ಅನುಕೂಲ ನಮಗೆ ಬಿಟ್ಟಿ ಸಿಕ್ಕಿದೆ.

ಎಂಟು ಇಂಚಿನ ಡಾಬ್ಸೋನಿಯನ್ನಿನ ಫೋಕಲ್ ಲೆಂತ್ (ಕನ್ನಡಿಯಿಂದ ಬಿಂಬ ಮೂಡುವ ಜಾಗಕ್ಕಿರುವ ದೂರ) ಸಾಮಾನ್ಯವಾಗಿ 1200 ಮಿ.ಮೀ. ಹತ್ತು ಇಂಚಿನದ್ದೂ ಹೆಚ್ಚುಕಮ್ಮಿ ಅಷ್ಟೇ. ಹಾಗಾಗಿ ಕೊಳವೆಯ ಉದ್ದ ಎರಡಕ್ಕೂ ಒಂದೇ, ದಪ್ಪ ಮತ್ತು ತೂಕ ಬೇರೆ. ಹನ್ನೆರಡು ಇಂಚಿನದು 1500 ಮಿ.ಮೀ. ಆಗಿ ಚಿಕ್ಕ ಕಾರಿನ ಹಿಂದಿನ ಸೀಟಿನಲ್ಲಿ ಅಡ್ಡ ಮಲಗುವುದಿಲ್ಲ. ಊರ ಬೆಳಕು ಬಿಟ್ಟು ಚಳ್ಳಕೆರೆ, ಮೊಳಕಾಲ್ಮೂರು ಕಡೆ ಹೋಗಿ ನೋಡುವ ಯೋಚನೆಯಿದ್ದರೆ ಟೇಪು ಹಿಡಿದು ಕಾರಿನ ಎರಡು ಹಿಂಬಾಗಿಲ ನಡುವಿನ ಅಗಲ ಅಳೆದ ಮೇಲೇ ಆರ್ಡರ್ ಮಾಡಿ. ಒಬ್ಬರೇ ಮಹಡಿ ಹತ್ತಿಸುವುದಾದರೆ ಎಂಟು ಇಂಚು ಸಾಕು: ಕೊಳವೆ ಒಂದು ಸಲ, ತಳದ ಪೆಟ್ಟಿಗೆ ಇನ್ನೊಂದು ಸಲ.

ಐಪೀಸು ಮೂರಿದ್ದರೆ ಧಾರಾಳ. 30 ಮಿ.ಮೀ.ದು 40 ಪಟ್ಟು ಕೊಡುತ್ತದೆ, 10ರದ್ದು 120, 6ರದ್ದು 200. ಕಾಗದದ ಮೇಲೆ ಎಂಟು ಇಂಚಿಗೆ 400 ಪಟ್ಟು ಸಾಧ್ಯ, ಆದರೆ ನಮ್ಮ ಗಾಳಿ 200-250 ದಾಟಲು ಬಿಡುವ ರಾತ್ರಿಗಳು ಕಡಿಮೆ.

ನಮ್ಮ ಅಕ್ಷಾಂಶದ ಒಂದು ಕಿರಿಕಿರಿ ಇಲ್ಲೂ ಇದೆ. ಡಾಬ್ಸೋನಿಯನ್ನಿಗೆ ನೆತ್ತಿಯ ಜಾಗ ಕಷ್ಟ. ಅಲ್ಲಿ ಅದನ್ನು ಎಡಬಲಕ್ಕೆ ತಿರುಗಿಸಲು ಹಿಡಿತವೇ ಸಿಗುವುದಿಲ್ಲ. ಕೃತ್ತಿಕೆ ನಮ್ಮ ನೆತ್ತಿಯಿಂದ 10 ಡಿಗ್ರಿ ಅಂತರದಲ್ಲಿ ಹಾದುಹೋಗುತ್ತದೆ, ಕರ್ಕಾಟಕದ ಜೇನುಗೂಡು ಗುಚ್ಛ 6 ಡಿಗ್ರಿಯೊಳಗೆ. ಇವನ್ನು ನೆತ್ತಿಗೆ ಬರುವ ಒಂದು ಗಂಟೆ ಮೊದಲೋ ದಾಟಿ ಒಂದು ಗಂಟೆಯ ಮೇಲೋ ನೋಡಿ.

ಕನ್ನಡಿ ಹೊಂದಿಸುವುದನ್ನು ಮಾತ್ರ ಕಲಿಯಲೇಬೇಕು. ಕಾರಿನಲ್ಲಿ ಮಣ್ಣು ರಸ್ತೆಯ ಮೇಲೆ ಹೋದ ಪ್ರತಿ ಸಲವೂ ಕನ್ನಡಿ ಒಂಚೂರು ಸರಿಯುತ್ತದೆ. ಲೇಸರ್ ಕೊಂಡರೆ ಮೊದಲು ಲೇಸರನ್ನೇ ಪರೀಕ್ಷಿಸಿ. ಫೋಕಸರಿನಲ್ಲಿ, ಅಂದರೆ ಐಪೀಸು ಕೂರುವ ಕೊಳವೆಯಲ್ಲಿ ಇಟ್ಟು ಅದನ್ನು ತನ್ನಷ್ಟಕ್ಕೇ ಒಂದು ಸುತ್ತು ತಿರುಗಿಸಿದಾಗ ಮುಖ್ಯ ಕನ್ನಡಿಯ ಮೇಲಿನ ಕೆಂಪು ಚುಕ್ಕಿ ನಿಂತಲ್ಲೇ ಇರಬೇಕು. ಅದು ವೃತ್ತ ಬಿಡಿಸಿದರೆ ಲೇಸರೇ ಸೊಟ್ಟ. ಸರಿಯಿದ್ದರೆ ಮೊದಲು ಚಿಕ್ಕ ಕನ್ನಡಿಯ ಮೂರು ತಿರುಪುಗಳಿಂದ ಚುಕ್ಕಿಯನ್ನು ಮುಖ್ಯ ಕನ್ನಡಿಯ ನಡುವಿನ ಗುರುತಿಗೆ ತನ್ನಿ. ಆಮೇಲೆ ಹಿಂಬದಿಯ ಮೂರು ತಿರುಪುಗಳನ್ನು ಒಂದು ಸಲಕ್ಕೆ ಕಾಲು ಸುತ್ತಿಗಿಂತ ಹೆಚ್ಚು ಹೊರಳಿಸದೆ, ಹಿಂದಿರುಗುವ ಕಿರಣವನ್ನು ಲೇಸರಿನ ತೂತಿಗೇ ಸೇರಿಸಿ. ಲಾಕ್ ತಿರುಪು ಬಿಗಿದಾಗ ಎಲ್ಲ ಮತ್ತೆ ಸ್ವಲ್ಪ ಕದಲುತ್ತದೆ, ಅದಕ್ಕೇ ಬಿಗಿದ ಮೇಲೊಮ್ಮೆ ನೋಡಿ. ಕಡೆಗೆ ನಕ್ಷತ್ರ ಪರೀಕ್ಷೆ: 150-200 ಪಟ್ಟಿನಲ್ಲಿ ಒಂದು ಹೊಳೆಯುವ ನಕ್ಷತ್ರವನ್ನು ಸ್ವಲ್ಪ ಫೋಕಸ್ ತಪ್ಪಿಸಿದರೆ ಕಾಣುವ ಉಂಗುರಗಳು ಒಂದರೊಳಗೊಂದು ಸರಿಯಾಗಿ ಕೂತಿರಬೇಕು. ಪುಸ್ತಕಗಳು ಇದಕ್ಕೆ ಧ್ರುವತಾರೆಯನ್ನು ಹೇಳುತ್ತವೆ, ಅದು ಸರಿಯುವುದಿಲ್ಲ ಅಂತ. ನಮ್ಮ 14 ಡಿಗ್ರಿಯ ಧ್ರುವತಾರೆ ದಪ್ಪ ಗಾಳಿಯ ಪದರದಲ್ಲಿ ಕುದಿಯುತ್ತಿರುತ್ತದೆ. ಮೇಲಿರುವ ಯಾವುದಾದರೂ ನಕ್ಷತ್ರ ಹಿಡಿದು, ಸರಿದಂತೆಲ್ಲ ನಡುವಿಗೆ ತಂದುಕೊಳ್ಳಿ.

ಫೋಟೊಗೆ ಮೊದಲು ತೂಕದ ಲೆಕ್ಕ

ಆಕಾಶ ಸೆಕೆಂಡಿಗೆ 15 ಆರ್ಕ್‌ಸೆಕೆಂಡ್ ಸರಿಯುತ್ತದೆ. ಎರಡು ನಿಮಿಷದ ಎಕ್ಸ್‌ಪೋಷರಿನಲ್ಲಿ ಅದು ಅರ್ಧ ಡಿಗ್ರಿ, ಒಂದು ಪೂರ್ಣಚಂದ್ರನ ಅಗಲ. ಅಷ್ಟು ದೂರ ಸರಿಯುವುದನ್ನು ಹಿಂಬಾಲಿಸಿ ಒಂದೆರಡು ಆರ್ಕ್‌ಸೆಕೆಂಡಿನೊಳಗೆ ಹಿಡಿದಿಡುವ ಯಂತ್ರವೇ ಈಕ್ವಟೋರಿಯಲ್ ಮೌಂಟ್. ಮೇಲೆ-ಕೆಳಗೆ, ಎಡ-ಬಲಕ್ಕೆ ಮಾತ್ರ ತಿರುಗುತ್ತಾ ಮೋಟಾರಿನಿಂದ ತಾನೇ ವಸ್ತು ಹುಡುಕುವ ಎತ್ತರ-ದಿಕ್ಕಿನ ಗೋಟು ಮೌಂಟಿನಲ್ಲಿ ನಕ್ಷತ್ರ ನಡುವಿನಲ್ಲೇ ನಿಂತರೂ ಚಿತ್ರ ಸುತ್ತುತ್ತದೆ, ಅಂಚಿನ ನಕ್ಷತ್ರಗಳು ಕಮಾನಾಗುತ್ತವೆ. ಈ ಸುತ್ತು ಅಕ್ಷಾಂಶ ಕಡಿಮೆಯಾದಷ್ಟೂ ಜಾಸ್ತಿ, ನೆತ್ತಿಯ ಹತ್ತಿರ ಮತ್ತು ಉತ್ತರ-ದಕ್ಷಿಣದಲ್ಲಿ ಜಾಸ್ತಿ. ನೇರ ಪೂರ್ವ, ನೇರ ಪಶ್ಚಿಮದಲ್ಲಿ ಸೊನ್ನೆ. ಅಂಥ ಮೌಂಟ್ ಈಗಾಗಲೇ ಇರುವವರು ಪೂರ್ವಕ್ಕೆ ಮುಖ ಮಾಡಿ 20-30 ಸೆಕೆಂಡಿನ ಚಿತ್ರ ತೆಗೆದು ಸೇರಿಸುತ್ತಾ ಕಲಿಯಬಹುದು.

ಮೌಂಟಿನ ಪೆಟ್ಟಿಗೆಯ ಮೇಲೆ ಬರೆದ ಹೊರುವ ತೂಕ ಕಣ್ಣಿಂದ ನೋಡುವವರಿಗೆ. ಫೋಟೊಗೆ ಅದರ ಶೇಕಡಾ 60 ಹಿಡಿಯಿರಿ, ಕೊಳವೆಯನ್ನು ಸರಿದೂಗಿಸಲು ಎದುರು ಬದಿಯ ಸಲಾಕೆಗೆ ಹಾಕುವ ತೂಕದ ಬಿಲ್ಲೆ, ಅಂದರೆ ಕೌಂಟರ್‌ವೇಟ್, ಈ ಲೆಕ್ಕಕ್ಕೆ ಸೇರುವುದಿಲ್ಲ. ಸ್ಕೈವಾಚರ್ ಕಂಪನಿಯ ಎಚ್‌ಇಕ್ಯು5 ಮೌಂಟಿಗೆ ಸುಮಾರು 13.7 ಕೆ.ಜಿ. ಅಂತಾರೆ, ಅಂದರೆ ನಮಗೆ 8 ಕೆ.ಜಿ. ಇಕ್ಯು6-ಆರ್‌ಗೆ 20 ಕೆ.ಜಿ., ಅಂದರೆ 12. ಇನ್ನು ಕೊಳವೆಯ ಕಡೆ ಕೂಡಿ ನೋಡಿ. 80 ಮಿ.ಮೀ. ಮಸೂರದ ಕೊಳವೆಗೆ ಉಂಗುರ, ಕ್ಯಾಮೆರಾ, ಗೈಡ್ ಸ್ಕೋಪ್ (ಮೌಂಟನ್ನು ತಿದ್ದಲು ನಕ್ಷತ್ರ ನೋಡುತ್ತಿರುವ ಚಿಕ್ಕ ಕೊಳವೆ) ಎಲ್ಲ ಸೇರಿ ಐದೂವರೆ ಕೆ.ಜಿ. ಆಸುಪಾಸು. 150 ಮಿ.ಮೀ. ನ್ಯೂಟೋನಿಯನ್, ಅಂದರೆ ಕನ್ನಡಿಯ ಕೊಳವೆ, ಎಂಟರ ಹತ್ತಿರ. ಎಂಟು ಇಂಚಿನ ಫೋಟೊ ನ್ಯೂಟೋನಿಯನ್ ಹನ್ನೆರಡು. ಎಚ್‌ಇಕ್ಯು5ರ ಮೇಲೆ ಎಂಟು ಇಂಚಿನದನ್ನು ಕೂರಿಸುವುದೆಂದರೆ ಒಂಟೆತ್ತಿನ ಗಾಡಿಗೆ ಜೋಡೆತ್ತಿನ ಹೇರು ಹಾಕಿದಂತೆ. ನಡೆಯುವುದು ನಡೆಯುತ್ತದೆ, ಏರಿನಲ್ಲಿ ಗೊತ್ತಾಗುತ್ತದೆ. ಇಲ್ಲಿ ಏರು ಅಂದರೆ ಗಾಳಿ. ಚಿತ್ರದುರ್ಗದ ಗುಡ್ಡಗಳ ಮೇಲೆ ಸಾಲಾಗಿ ಗಾಳಿಯಂತ್ರ ನಿಲ್ಲಿಸಿದ್ದು ಸುಮ್ಮನೆ ಅಲ್ಲ. ಸುಮಾರು ಒಂದು ಮೀಟರ್ ಉದ್ದ, ಕಾಲು ಮೀಟರ್ ದಪ್ಪದ ಕೊಳವೆ ಒಳ್ಳೇ ಹಾಯಿಯ ಕೆಲಸ ಮಾಡುತ್ತದೆ. ಈ ಊರಿನಲ್ಲಿ ಫೋಟೊ ಶುರು ಮಾಡುವವರಿಗೆ 60ರಿಂದ 80 ಮಿ.ಮೀ.ನ, ಇಡಿ (ED) ಅನ್ನುವ, ಬಣ್ಣದ ಅಂಚು ತಗ್ಗಿಸುವ ಗಾಜಿನ ಮಸೂರದ ಗಿಡ್ಡ ಕೊಳವೆಯನ್ನೇ ನಾವು ಹೇಳುವುದು. ಹಳೆಯ 130ಕ್ಕಿಂತ ಚಿಕ್ಕದು ಕೊಂಡೆ ಅನ್ನುವ ಕೊರಗು ಮೊದಲ ಚಿತ್ರಕ್ಕೇ ಹೋಗುತ್ತದೆ.

ಇಕ್ಯು6-ಆರ್‌ನ ತಲೆ ಒಂದೇ 17 ಕೆ.ಜಿ. ಮೀರುತ್ತದೆ, ಟ್ರೈಪಾಡು ಏಳೂವರೆ, ಕೌಂಟರ್‌ವೇಟು ಐದೈದು ಕೆ.ಜಿ.ಯ ಎರಡು. ಕಾಯಂ ಕಂಬ ಹಾಕಿಸಿದವರಿಗೆ ಅದು ಚೆಂದ. ಪ್ರತಿ ರಾತ್ರಿ ಹೊತ್ತು ತಿರುಗುವವರು ಎರಡು ಸಲ ಯೋಚಿಸಿ. ಈಚೆಗೆ ಬಂದಿರುವ ಹಾರ್ಮಾನಿಕ್ ಗೇರಿನ ಮೌಂಟುಗಳು ಹಗುರ. ಜಡ್‌ಡಬ್ಲ್ಯೂಒ ಎಎಂ5ರ ತಲೆ 5 ಕೆ.ಜಿ., ಕೌಂಟರ್‌ವೇಟ್ ಇಲ್ಲದೆ 13 ಕೆ.ಜಿ. ಹೊರುತ್ತದೆ. ಆದರೆ ಗೇರಿನ ಏರುಪೇರು ದೊಡ್ಡದು, ಗೈಡಿಂಗ್ ಇಲ್ಲದೆ, ಅಂದರೆ ಒಂದು ನಕ್ಷತ್ರವನ್ನು ನೋಡುತ್ತಾ ಮೌಂಟನ್ನು ಆಗಾಗ ತಿದ್ದದೆ, ಅವುಗಳಿಂದ ಉದ್ದ ಎಕ್ಸ್‌ಪೋಷರ್ ತೆಗೆಯಲಾಗದು. ಇನ್ನೊಂದು ತೊಡಕನ್ನು ಮುಂದೆ ಹೇಳುತ್ತೇವೆ.

ಧ್ರುವತಾರೆ ಕೆಳಗಿದ್ದರೆ ಏನೇನಾಗುತ್ತದೆ

ಈಕ್ವಟೋರಿಯಲ್ ಮೌಂಟಿನ ಮುಖ್ಯ ಅಕ್ಷ ಧ್ರುವದ ಕಡೆ ನೋಡಬೇಕು. ನಮ್ಮಲ್ಲಿ ಅದು ನೆಲದಿಂದ 14 ಡಿಗ್ರಿ, ಹೆಚ್ಚುಕಡಿಮೆ ಮಲಗಿದಂತೆಯೇ. ಇದರಿಂದ ನಾಲ್ಕು ತೊಂದರೆ, ಒಂದಕ್ಕೊಂದು ಗಂಟು ಹಾಕಿಕೊಂಡಿವೆ.

ಮೊದಲನೆಯದು, ಕೆಲವು ಮೌಂಟು ಅಷ್ಟು ಕೆಳಗೆ ಇಳಿಯುವುದೇ ಇಲ್ಲ. ಕೈಪಿಡಿಯಲ್ಲಿ ಅಕ್ಷಾಂಶದ ಮಿತಿ ನೋಡಿ. 20ರಿಂದ ಶುರು ಅಂತಿದ್ದರೆ ಅದು ಉತ್ತರದವರಿಗೆ ಮಾಡಿದ್ದು. ಕೊಂಡಾಗಿದೆ ಅನ್ನುವವರಿಗೆ ಒಂದು ದಾರಿ ಇದೆ: ಟ್ರೈಪಾಡಿನ ಉತ್ತರದ ಕಾಲನ್ನು ಗಿಡ್ಡ ಮಾಡಿದರೆ ಇಡೀ ತಲೆ ಮುಂದಕ್ಕೆ ಬಾಗುತ್ತದೆ. ಕಾಲಿನ ತುದಿಯಿಂದ ಎದುರಿನ ಎರಡು ಕಾಲುಗಳ ಗೆರೆಗೆ 80 ಸೆಂ.ಮೀ. ಇದ್ದರೆ, 6 ಡಿಗ್ರಿ ಬಾಗಿಸಲು ಎಂಟೂವರೆ ಸೆಂ.ಮೀ. ತಗ್ಗಿಸಬೇಕು. ಟ್ರೈಪಾಡು ಮಟ್ಟವಾಗಿಲ್ಲ ಅಂತ ಹೆದರಬೇಡಿ, ಅಕ್ಷ ಧ್ರುವ ನೋಡಿದರೆ ಸಾಕು, ಕಾಲು ಸಮ ಇರಲೇಬೇಕೆಂದಿಲ್ಲ. ಹೆದರಬೇಕಾದ್ದು ಮಗುಚುವುದಕ್ಕೆ. ಹಾಗೆ ಬಾಗಿಸಿದ ಟ್ರೈಪಾಡಿನ ಕಾಲುಗಳ ನಡುವೆ ಒಂದು ಭಾರ ತೂಗುಹಾಕಿ.

ಎರಡನೆಯದು, ಕೌಂಟರ್‌ವೇಟಿನ ಸಲಾಕೆ ಟ್ರೈಪಾಡಿನ ಕಾಲಿಗೆ ಬಡಿಯುತ್ತದೆ. ಅಕ್ಷ ಮಲಗಿರುವುದರಿಂದ ಸಲಾಕೆ ಹೆಚ್ಚುಕಡಿಮೆ ನೆಟ್ಟಗೆ ಕೆಳಕ್ಕೆ ಇಳಿಬೀಳುತ್ತದೆ, ಅದರ ಕೆಳಗೇ ಉತ್ತರದ ಕಾಲು ಚಾಚಿಕೊಂಡಿರುತ್ತದೆ. ಕೂಡಿಸಿದ ದಿನವೇ ಕರೆಂಟು ಕೊಡದೆ, ಕ್ಲಚ್ ಸಡಿಲಿಸಿ, ಸಲಾಕೆಯನ್ನು ಕೈಯಿಂದ ನಿಧಾನ ಆಡಿಸಿ ನೋಡಿ. ತೂಕದ ಬಿಲ್ಲೆಗೂ ಕಾಲಿಗೂ ನಡುವೆ ಎರಡು ಬೆರಳು ಜಾಗ ಇರಬೇಕು. ಇಲ್ಲದಿದ್ದರೆ ಬಿಲ್ಲೆಯನ್ನು ಸಲಾಕೆಯ ಮೇಲುಗಡೆಗೆ ಸರಿಸಿ ಇನ್ನೊಂದು ಬಿಲ್ಲೆ ಸೇರಿಸುವುದು ಒಂದು ಉಪಾಯ. ಮೌಂಟಿಗೂ ಟ್ರೈಪಾಡಿಗೂ ನಡುವೆ 15-20 ಸೆಂ.ಮೀ.ನ ಎತ್ತರಿಸುವ ಕಂಬ ಹಾಕುವುದು ಅದಕ್ಕಿಂತ ಒಳ್ಳೆಯದು, ನೆತ್ತಿಯ ವಸ್ತು ಹಿಡಿದಾಗ ಕೊಳವೆಯ ಬಾಲ ಕಾಲಿಗೆ ಬಡಿಯುವುದೂ ತಪ್ಪುತ್ತದೆ. ಒಂದು ಕಾಲು ದಕ್ಷಿಣಕ್ಕೆ, ಎರಡು ಕಾಲು ಉತ್ತರಕ್ಕೆ ಬರುವಂತೆ ತಿರುಗಿಸಿದರೆ ಸಲಾಕೆ ಕಾಲುಗಳ ನಡುವೆ ಓಡಾಡುತ್ತದೆ ನಿಜ, ಆದರೆ ಭಾರವೆಲ್ಲ ಉತ್ತರಕ್ಕೆ ಚಾಚಿರುವುದರಿಂದ ಆಧಾರ ಆ ಕಡೆ ಕಿರಿದಾಗುತ್ತದೆ. ಹಗುರ ಕೊಳವೆಗೆ ಮಾತ್ರ ಈ ದಾರಿ ಹಿಡಿಯಿರಿ. ಕೌಂಟರ್‌ವೇಟ್ ಇಲ್ಲದ ಹಾರ್ಮಾನಿಕ್ ಮೌಂಟಿನ ತೊಡಕೂ ಇದೇ. ಬಡಿಯುವ ಸಲಾಕೆ ಇಲ್ಲ, ಆದರೆ ಉತ್ತರಕ್ಕೆ ಚಾಚಿದ ಭಾರ ಪಕ್ಕಕ್ಕೆ ವಾಲಿದಾಗ ಸರಿದೂಗಿಸಲು ಏನೂ ಇಲ್ಲ. ಹಗುರ ಕಾರ್ಬನ್ ಟ್ರೈಪಾಡಿನ ಮೇಲೆ ಅದು ಮಗುಚಿದರೆ ಆಶ್ಚರ್ಯವಿಲ್ಲ. ಒಂದು ಕಾಲು ಉತ್ತರಕ್ಕೇ ಇರಲಿ, ಕಾಲುಗಳು ಪೂರ್ತಿ ಅಗಲಿಸಿರಲಿ, ನಡುವೆ ಮರಳಿನ ಚೀಲ ತೂಗಲಿ.

ಮೂರನೆಯದು ಎತ್ತರದ ಬೋಲ್ಟು, ಅಂದರೆ ಅಕ್ಷವನ್ನು ಏರಿಸಿ ಇಳಿಸುವ ಬೋಲ್ಟು. ತಲೆ ಉತ್ತರಕ್ಕೆ ವಾಲಿರುವುದರಿಂದ ಅಷ್ಟೂ ಭಾರ ಒಂದೇ ಬೋಲ್ಟಿನ ತುದಿಯ ಮೇಲೆ ಕೂರುತ್ತದೆ. ಪೂರ್ತಿ ಹೇರು ಹೊತ್ತ ಮೌಂಟನ್ನು ಆ ಬೋಲ್ಟಿನಿಂದಲೇ ಎತ್ತಲು ಹೋದರೆ ಬೋಲ್ಟು ಬಾಗುತ್ತದೆ, ಇಲ್ಲವೇ ಅದರ ತುದಿ ಒಳಗಿನ ಲೋಹವನ್ನು ಕೊರೆಯುತ್ತದೆ. ಎದುರಿನ ಬೋಲ್ಟನ್ನು ಸಡಿಲಿಸದೆ ಇದನ್ನು ಬಿಗಿಯುವುದು ಇನ್ನೂ ದೊಡ್ಡ ತಪ್ಪು. ಕೊಳವೆ ಕೂರಿಸುವ ಮೊದಲೇ ಅಳತೆಪಟ್ಟಿಯಲ್ಲಿ 14ಕ್ಕೆ ತಂದಿಡಿ. ಆಮೇಲಿನ ಸಣ್ಣ ತಿದ್ದುಪಡಿಗೆ ಒಂದು ಕೈಯಿಂದ ತಲೆಯನ್ನು ಮೇಲಕ್ಕೆ ಆನಿಸಿ ಹಿಡಿದು, ಇನ್ನೊಂದು ಕೈಯಿಂದ ಬೋಲ್ಟು ತಿರುಗಿಸಿ. ಯಾವಾಗಲೂ ಕೆಳಗಿನಿಂದ ಮೇಲಕ್ಕೆ ಬಂದು ನಿಲ್ಲಿಸಿ. ಮೇಲಿಂದ ಇಳಿಸಿ ನಿಲ್ಲಿಸಿದರೆ ಸಂದಿನಲ್ಲಿ ಉಳಿದ ಸಡಿಲು ಅರ್ಧ ಗಂಟೆಯಲ್ಲಿ ಕುಸಿಯುತ್ತದೆ.

ನಾಲ್ಕನೆಯದು, ಧ್ರುವತಾರೆ ಕಾಣುವುದೇ ಅಪರೂಪ. 14 ಡಿಗ್ರಿ ಅಂದರೆ, ಉತ್ತರದ ಅಡ್ಡಿ ಎಷ್ಟು ಎತ್ತರವೋ ಅದರ ನಾಲ್ಕು ಪಟ್ಟು ದೂರ ನಿಲ್ಲಬೇಕು. ಹತ್ತು ಮೀಟರಿನ ಮನೆಯಿಂದ 40 ಮೀಟರ್, ಹದಿನೈದು ಮೀಟರಿನ ತೆಂಗಿನ ಮರದಿಂದ 60. ಊರೊಳಗೆ ಇದು ತಾರಸಿಯ ಮೇಲೆ ಮಾತ್ರ ಸಾಧ್ಯ. ಕಂಡರೂ ಮಾರ್ಚ್ ನಂತರದ ದೂಳಿನಲ್ಲಿ ಮಂಕು. ಜೊತೆಗೆ, ಧ್ರುವತಾರೆ ನಿಜವಾದ ಧ್ರುವದಿಂದ ಮುಕ್ಕಾಲು ಡಿಗ್ರಿಗೆ ಸ್ವಲ್ಪ ಕಡಿಮೆ ದೂರದಲ್ಲಿದೆ. ಆ ಎತ್ತರದಲ್ಲಿ ವಾತಾವರಣದ ವಕ್ರೀಭವನವೇ ಅದನ್ನು ಸುಮಾರು 4 ಆರ್ಕ್‌ಮಿನಿಟ್ (ಒಂದು ಆರ್ಕ್‌ಮಿನಿಟ್ ಅಂದರೆ ಡಿಗ್ರಿಯ 60ನೇ ಒಂದು ಭಾಗ) ಮೇಲೆತ್ತಿ ತೋರಿಸುತ್ತದೆ.

"ಹಾಗಾದ್ರೆ ಧ್ರುವತಾರೆ ಇಲ್ದೆ ಅಲೈನ್ ಮಾಡೋದು ಹೇಗೆ?" ಸಭೆಯಲ್ಲಿ ಹೆಚ್ಚು ಕೇಳಿಬಂದ ಪ್ರಶ್ನೆ ಇದು. ಲ್ಯಾಪ್‌ಟಾಪ್ ಇದ್ದರೆ ಸುಲಭ. ನೀನಾ ಅನ್ನುವ ಉಚಿತ ತಂತ್ರಾಂಶಕ್ಕೆ ಮೂರು ಬಿಂದುಗಳ ಧ್ರುವ ಅಲೈನ್‌ಮೆಂಟಿನ ಪ್ಲಗಿನ್ ಇದೆ. ಆಕಾಶದ ಯಾವ ಭಾಗ ಬೇಕಾದರೂ ಸರಿ, ಮೌಂಟನ್ನು ಮುಖ್ಯ ಅಕ್ಷದಲ್ಲಿ ತಿರುಗಿಸುತ್ತಾ ಮೂರು ಚಿತ್ರ ತೆಗೆಯುತ್ತದೆ, ಪ್ರತಿ ಚಿತ್ರದ ನಕ್ಷತ್ರಗಳನ್ನು ಗುರುತಿಸಿ ಅಕ್ಷ ಎಲ್ಲಿ ನೋಡುತ್ತಿದೆ ಅಂತ ಲೆಕ್ಕ ಹಾಕುತ್ತದೆ, ಬೋಲ್ಟನ್ನು ಎತ್ತ ಎಷ್ಟು ತಿರುಗಿಸಬೇಕೆಂದು ಪರದೆಯಲ್ಲಿ ತೋರಿಸುತ್ತದೆ. ಮೊದಲು ದಿಕ್ಕು, ಆಮೇಲೆ ಎತ್ತರ ತಿದ್ದಿ. ಒಂದನ್ನು ತಿದ್ದಿದಾಗ ಇನ್ನೊಂದು ಕದಲುವುದರಿಂದ ಎರಡು ಸುತ್ತು ಬೇಕಾಗುತ್ತದೆ. ಶುರುವಿಗೆ ದಿಕ್ಕು ಹಿಡಿಯಲು ಮೊಬೈಲಿನ ದಿಕ್ಸೂಚಿ ಸಾಕು, ಆದರೆ ಅದನ್ನು ಮೌಂಟಿನ ಕಬ್ಬಿಣದಿಂದ ಎರಡು ಮೀಟರ್ ದೂರ ಹಿಡಿದು ನೋಡಿ. ಸುತ್ತ ಬಂಡೆಯೋ ಕಟ್ಟಡವೋ ಇದ್ದು ಉತ್ತರ ಪೂರ್ತಿ ಮುಚ್ಚಿದ್ದರೂ ಈ ಕ್ರಮ ನಡೆಯುತ್ತದೆ.

ಎಷ್ಟು ಸರಿಯಿದ್ದರೆ ಸಾಕು? ಅಕ್ಷ 1 ಆರ್ಕ್‌ಮಿನಿಟ್ ತಪ್ಪಿದ್ದರೆ ನಕ್ಷತ್ರ ಹೆಚ್ಚೆಂದರೆ ನಿಮಿಷಕ್ಕೆ 0.26 ಆರ್ಕ್‌ಸೆಕೆಂಡ್ ಉತ್ತರ-ದಕ್ಷಿಣಕ್ಕೆ ಜಾರುತ್ತದೆ. 5 ಆರ್ಕ್‌ಮಿನಿಟ್ ತಪ್ಪಿದ್ದರೆ 1.3. ಗೈಡಿಂಗ್ ಇದನ್ನು ಆರಾಮಾಗಿ ನುಂಗಿಕೊಳ್ಳುತ್ತದೆ. ಎರಡು ಆರ್ಕ್‌ಮಿನಿಟಿನೊಳಗೆ ಬಂದರೆ ಬೋಲ್ಟು ಬಿಗಿದು ಕೆಲಸ ಶುರು ಮಾಡಿ. ಅರ್ಧಕ್ಕಿಳಿಸುತ್ತೇನೆ ಅಂತ ಇರುವ ಕತ್ತಲನ್ನು ಅಲ್ಲೇ ಕಳೆಯಬೇಡಿ.

ಗೈಡಿಂಗ್

ಮೌಂಟಿನೊಳಗಿನ ವರ್ಮ್ ಗೇರ್ ಒಂದು ಸುತ್ತು ಹಾಕುವಷ್ಟರಲ್ಲಿ ನಕ್ಷತ್ರ ಪೂರ್ವ-ಪಶ್ಚಿಮಕ್ಕೆ ಓಲಾಡುತ್ತದೆ. ಎಚ್‌ಇಕ್ಯು5ರಲ್ಲಿ ಈ ಸುತ್ತು 638 ಸೆಕೆಂಡ್, ಇಕ್ಯು6ರಲ್ಲಿ 479. ಅದನ್ನು ತಿದ್ದಲು 30 ಅಥವಾ 50 ಮಿ.ಮೀ.ನ ಗೈಡ್ ಸ್ಕೋಪು, ಒಂದು ಚಿಕ್ಕ ಕ್ಯಾಮೆರಾ, ಪಿಎಚ್‌ಡಿ2 ತಂತ್ರಾಂಶ ಬೇಕು. ತಂತ್ರಾಂಶ ಉಚಿತ. ಹೆಚ್ಚಿನವರು ಎಡವುವುದು ಎರಡು ಕಡೆ. ಕ್ಯಾಲಿಬ್ರೇಷನ್, ಅಂದರೆ ಮೌಂಟು ಎತ್ತ ಎಷ್ಟು ಸರಿಯುತ್ತದೆ ಅಂತ ತಂತ್ರಾಂಶಕ್ಕೆ ಕಲಿಸುವುದನ್ನು, ಎಲ್ಲೋ ಒಂದು ಕಡೆ ಮಾಡುತ್ತಾರೆ. ಅದನ್ನು ಖಗೋಳ ಸಮಭಾಜಕದ ಹತ್ತಿರ, ಮಧ್ಯಾಹ್ನರೇಖೆಯ (ಉತ್ತರದಿಂದ ನೆತ್ತಿಯ ಮೂಲಕ ದಕ್ಷಿಣಕ್ಕೆ ಹೋಗುವ ಗೆರೆಯ) ಪಕ್ಕದಲ್ಲಿ ಮಾಡಬೇಕು. ನಮ್ಮಲ್ಲಿ ಆ ಜಾಗ ದಕ್ಷಿಣಕ್ಕೆ ಮುಖ ಮಾಡಿದಾಗ 76 ಡಿಗ್ರಿ ಎತ್ತರದಲ್ಲಿ, ನೆತ್ತಿಗಿಂತ ತುಸು ಕೆಳಗೆ. ಇನ್ನೊಂದು, ತೂಕವನ್ನು ಕರಾರುವಾಕ್ಕಾಗಿ ಸಮ ಮಾಡುತ್ತಾರೆ. ಗೇರಿನ ಹಲ್ಲು ಒಂದೇ ಕಡೆಗೆ ಒತ್ತಿಕೊಂಡಿರಲು ಪೂರ್ವದ ಬದಿ ಒಂಚೂರು ಭಾರವಿರಬೇಕು. ಸಮ ಮಾಡಿದರೆ ಹಲ್ಲು ಆ ಕಡೆ ಈ ಕಡೆ ತೇಲಾಡಿ, ಗ್ರಾಫಿನಲ್ಲಿ ಗರಗಸ ಬರುತ್ತದೆ. ಕೇಬಲ್ ಎಲ್ಲೋ ಸಿಕ್ಕಿ ಎಳೆದರೂ ಅದೇ ಗರಗಸ. ಹಾಗಾಗಿ ಸಾಫ್ಟ್‌ವೇರಿನ ಸೆಟ್ಟಿಂಗ್ ಮುಟ್ಟುವ ಮುಂಚೆ ಟಾರ್ಚು ಹಿಡಿದು ಕೇಬಲ್ ನೋಡಿ.

ಕೊಳವೆ, ಕ್ಯಾಮೆರಾ, 55 ಮಿ.ಮೀ.

ಚಿತ್ರದ ಒಂದು ಪಿಕ್ಸೆಲ್ ಆಕಾಶದಲ್ಲಿ ಎಷ್ಟು ಆರ್ಕ್‌ಸೆಕೆಂಡ್ ಹಿಡಿಯುತ್ತದೆ ಅನ್ನುವ ಲೆಕ್ಕ: ಪಿಕ್ಸೆಲಿನ ಅಳತೆಯನ್ನು ಮೈಕ್ರಾನಿನಲ್ಲಿ ತೆಗೆದುಕೊಂಡು 206ರಿಂದ ಗುಣಿಸಿ ಫೋಕಲ್ ಲೆಂತಿನಿಂದ ಭಾಗಿಸಿ. 3.76 ಮೈಕ್ರಾನಿನ ಕ್ಯಾಮೆರಾಕ್ಕೆ 420 ಮಿ.ಮೀ.ನಲ್ಲಿ 1.8, 600ರಲ್ಲಿ 1.3, ಎಂಟು ಇಂಚಿನ ಶ್ಮಿಟ್-ಕ್ಯಾಸಗ್ರೇನಿನ (ಗಿಡ್ಡ ಕೊಳವೆಯಲ್ಲೇ ಉದ್ದ ಫೋಕಲ್ ಲೆಂತ್ ಕೊಡುವ ಟೆಲಿಸ್ಕೋಪಿನ) 2032ರಲ್ಲಿ 0.38. ಗಾಳಿಯೇ ನಕ್ಷತ್ರವನ್ನು ಎರಡು ಆರ್ಕ್‌ಸೆಕೆಂಡಿಗೆ ಉಬ್ಬಿಸುವ ಜಾಗದಲ್ಲಿ 0.38 ಹಿಡಿದು ಸಿಗುವ ಹೆಚ್ಚುವರಿ ವಿವರ ಏನೂ ಇಲ್ಲ, ಗೈಡಿಂಗ್ ಮಾತ್ರ ಐದು ಪಟ್ಟು ಕಠಿಣ. ಗ್ರಹಗಳ ವಿಡಿಯೊಗೆ ಶ್ಮಿಟ್-ಕ್ಯಾಸಗ್ರೇನ್ ರಾಜ, ನೀಹಾರಿಕೆಗೆ ಮೊದಲ ಕೊಳವೆಯಾಗಿ ಬೇಡ.

ಮಸೂರದ ಕೊಳವೆಗೆ ಫ್ಲಾಟನರ್ (ಚಿತ್ರದ ಅಂಚಿನ ನಕ್ಷತ್ರಗಳನ್ನು ಸರಿಮಾಡುವ ಮಸೂರ) ಹಾಕಿದಾಗ ಅದರ ಹಿಂಬದಿಯಿಂದ ಸೆನ್ಸರಿಗೆ ಸಾಮಾನ್ಯವಾಗಿ 55 ಮಿ.ಮೀ. ಇರಬೇಕು. ಕ್ಯಾನನ್ ಡಿಎಸ್‌ಎಲ್‌ಆರ್‌ಗಳಲ್ಲಿ ಬಾಡಿಯ 44 ಮತ್ತು ಕ್ಯಾಮೆರಾವನ್ನು ಕೊಳವೆಗೆ ಜೋಡಿಸುವ ಟಿ-ರಿಂಗಿನ 11 ಸೇರಿ ತಾನೇ 55 ಆಗುತ್ತದೆ. ಬೇರೆ ಕ್ಯಾಮೆರಾದಲ್ಲಿ ಉಂಗುರ ಸೇರಿಸಿ ಕೂಡಿಸಬೇಕು. ನಾಲ್ಕು ಮೂಲೆಯ ನಕ್ಷತ್ರಗಳು ಬಾಲ ಬಿಟ್ಟರೆ ಮೊದಲು ಈ ಅಂತರ ಅಳೆಯಿರಿ.

ಇಲ್ಲೊಂದು ಸಾಮಾನ್ಯ ನಿರಾಸೆ: ನೋಡುವ ಡಾಬ್ಸೋನಿಯನ್ನಿಗೆ ಡಿಎಸ್‌ಎಲ್‌ಆರ್ ತಗುಲಿಸಿದರೆ ಫೋಕಸ್ ಸಿಗುವುದಿಲ್ಲ. ಸೆನ್ಸರು ಇನ್ನೂ ಒಳಗೆ ಹೋಗಬೇಕು, ಫೋಕಸರಿಗೆ ಜಾಗ ಮುಗಿದಿರುತ್ತದೆ. ಬಿಂಬವನ್ನು ಹಿಗ್ಗಿಸುವ ಬಾರ್ಲೋ ಮಸೂರ ಹಾಕಿದರೆ ಚಂದ್ರನ ಚಿತ್ರಕ್ಕೆ ದಾರಿಯಾಗುತ್ತದೆ, ನೀಹಾರಿಕೆಗೆ ಆಗುವುದಿಲ್ಲ. ಫೋಟೊಗೆ ಅಂತಲೇ ಮಾಡಿದ ನ್ಯೂಟೋನಿಯನ್ನಿನಲ್ಲಿ ಮುಖ್ಯ ಕನ್ನಡಿ ಮುಂದಕ್ಕೆ ಕೂತಿರುತ್ತದೆ. ಎಫ್/5ರ (ಫೋಕಲ್ ಲೆಂತ್ ವ್ಯಾಸದ ಐದು ಪಟ್ಟಿರುವ) ಅಂಥ ಕೊಳವೆಗೆ, ಅಂಚಿನ ನಕ್ಷತ್ರಗಳ ಬಾಲ ತೆಗೆಯುವ ಕೋಮಾ ಕರೆಕ್ಟರ್ ಖರ್ಚನ್ನೂ ಸೇರಿಸಿಕೊಳ್ಳಿ.

ತಂಪು ಮಾಡುವ ಕ್ಯಾಮೆರಾ ಬೇಕೇ? ಸೆನ್ಸರಿನ ಬಿಸಿಯ ಗದ್ದಲ, ಅಂದರೆ ಬಿಸಿಯಿಂದ ಚಿತ್ರದಲ್ಲಿ ಮೂಡುವ ಸುಳ್ಳು ಬೆಳಕು, ಸುಮಾರು ಆರು ಡಿಗ್ರಿಗೊಮ್ಮೆ ಇಮ್ಮಡಿಯಾಗುತ್ತದೆ. ಏಪ್ರಿಲ್ ರಾತ್ರಿ ಹೊರಗೆ 28 ಡಿಗ್ರಿ ಇರುವ ಊರಿನಲ್ಲಿ ಅದು ಶೋಕಿಯಲ್ಲ. ಮಳೆಗಾಲ ಧನು, ವೃಶ್ಚಿಕಗಳ ಒಳ್ಳೆಯ ಹೊತ್ತನ್ನೆಲ್ಲ ಮೋಡಕ್ಕೆ ಕೊಟ್ಟುಬಿಡುವುದರಿಂದ ಹಾಲುಹಾದಿಯ ನಡುವನ್ನು ನಾವು ಮಾರ್ಚ್-ಏಪ್ರಿಲಿನ ಬೆಳಗಿನ ಜಾವವೇ ಹಿಡಿಯಬೇಕು, ಅಂದರೆ ಸೆಕೆಯಲ್ಲೇ. ಹೊರಗಿಗಿಂತ 30 ಡಿಗ್ರಿ ಕೆಳಗಿಳಿಸುವ ಕ್ಯಾಮೆರಾ ಆದರೆ ಬೇಸಿಗೆಗೂ ಚಳಿಗಾಲಕ್ಕೂ ಸೊನ್ನೆ ಡಿಗ್ರಿ ಅಂತ ಒಂದೇ ಗುರಿ ಇಟ್ಟುಕೊಳ್ಳಿ. ಈ ಗದ್ದಲವನ್ನು ಕಳೆಯಲು ಮುಚ್ಚಳ ಹಾಕಿ ತೆಗೆಯುವ ಡಾರ್ಕ್ ಫ್ರೇಮುಗಳನ್ನು ಒಮ್ಮೆ ತೆಗೆದಿಟ್ಟರೆ ವರ್ಷಪೂರ್ತಿ ಬರುತ್ತವೆ.

ಪ್ರಶ್ನೋತ್ತರ

ದಾವಣಗೆರೆಯಲ್ಲಿ ಇಬ್ಬನಿ ಜಾಸ್ತಿ, ಏನು ಮಾಡೋದು?

ಭದ್ರಾ ನಾಲೆಯ ಗದ್ದೆಗಳ ನಡುವೆ ನಿಂತರೆ ನವೆಂಬರ್-ಜನವರಿಯಲ್ಲಿ ಇಬ್ಬನಿ ಬಂದೇ ಬರುತ್ತದೆ. ಚಿತ್ರದುರ್ಗದ ಕಡೆ ಗಾಳಿ, ಆ ಕಡೆ ಇಬ್ಬನಿ, ಹಂಚಿಕೊಂಡಿವೆ. ಯೋಗ ಮ್ಯಾಟನ್ನು ಕೊಳವೆಯ ಸುತ್ತ ಸುತ್ತಿ, ವ್ಯಾಸದ ಒಂದೂವರೆ ಪಟ್ಟು ಮುಂದಕ್ಕೆ ಚಾಚಿದರೆ ಅರ್ಧ ರಾತ್ರಿ ತಡೆಯುತ್ತದೆ. ಆಮೇಲೆ ಹೀಟರ್ ಪಟ್ಟಿ ಬೇಕು. ಮಂಜು ಕೂತ ಮೇಲೆ ಹಾಕಬೇಡಿ, ಮೊದಲಿನಿಂದ ಕಡಿಮೆ ಶಾಖದಲ್ಲಿ ಇರಲಿ. ಬಟ್ಟೆಯಿಂದಂತೂ ಒರೆಸಲೇಬೇಡಿ, ದೂಳು ಕೋಟಿಂಗನ್ನು ಗೀಚುತ್ತದೆ.

ಮನೆಯ ಇನ್ವರ್ಟರ್ ಬ್ಯಾಟರಿಯಿಂದ ನೇರ ಕರೆಂಟ್ ತಗೋಬಹುದಾ?

ಒಂದೇ ಬ್ಯಾಟರಿಯ 12 ವೋಲ್ಟಿನದಾದರೆ, 10 ಆಂಪಿಯರ್ ಫ್ಯೂಸ್ ಮತ್ತು 12 ವೋಲ್ಟ್ ರೆಗ್ಯುಲೇಟರ್ ಹಾಕಿ ತೆಗೆಯಬಹುದು. ಎರಡು ಬ್ಯಾಟರಿಯ 24 ವೋಲ್ಟಿನ ವ್ಯವಸ್ಥೆಯಲ್ಲಿ ಒಂದರಿಂದ ಮಾತ್ರ ಕದಿಯಬೇಡಿ, ಎರಡೂ ಹಾಳಾಗುತ್ತವೆ. ಹೊಲಕ್ಕೆ ಒಯ್ಯಲು ಲಿಥಿಯಂ ಐರನ್ ಫಾಸ್ಫೇಟ್ ಒಳ್ಳೆಯದು. ಮೌಂಟಿಗೆ 1 ಆಂಪಿಯರ್, ತಂಪು ಕ್ಯಾಮೆರಾಗೆ 2, ಹೀಟರ್ ಪಟ್ಟಿಗಳಿಗೆ 1.5, ಚಿಕ್ಕ ಕಂಪ್ಯೂಟರಿಗೆ 1.5, ಒಟ್ಟು 6. ಆರು ಗಂಟೆಗೆ 36 ಆಂಪಿಯರ್-ಅವರ್. 50ರ ಬ್ಯಾಟರಿ ಕೊಳ್ಳಿ. ತಂತಿ ಮನೆ ವೈರಿಂಗಿಗೆ ಬಳಸುವ 1.5 ಚದರ ಮಿ.ಮೀ.ದಿರಲಿ. ಸಣ್ಣ 0.5ರ ತಂತಿ ಎರಡು ಮೀಟರಿಗೇ, 4 ಆಂಪಿಯರ್ ಎಳೆದಾಗ ಅರ್ಧ ವೋಲ್ಟ್ ತಿನ್ನುತ್ತದೆ. 11 ವೋಲ್ಟಿಗಿಂತ ಇಳಿದರೆ ಮೌಂಟು ತಿರುಗುತ್ತಿದ್ದಾಗಲೇ ನಿಂತು, ತಾನು ಎಲ್ಲಿದ್ದೇನೆ ಅನ್ನುವುದನ್ನೇ ಮರೆಯುತ್ತದೆ. ಅಲೈನ್‌ಮೆಂಟ್ ಮತ್ತೆ ಮೊದಲಿಂದ.

ತಾರಸಿಯಲ್ಲಿ ಇಡಬಹುದಾ, ಜೋಗಿಮಟ್ಟಿಗೆ ಹೋಗಬೇಕಾ?

ಜೋಗಿಮಟ್ಟಿ ವನ್ಯಜೀವಿಧಾಮ, ಅನುಮತಿಯಿಲ್ಲದೆ ರಾತ್ರಿ ಹೋಗುವ ಜಾಗವಲ್ಲ. ತಾರಸಿಯಲ್ಲಿ ಟ್ರೈಪಾಡನ್ನು ಸ್ಲ್ಯಾಬಿನ ನಡುವೆ ಇಡದೆ ಕೆಳಗೆ ಗೋಡೆಯೋ ಕಂಬವೋ ಇರುವಲ್ಲಿ ಇಡಿ, ಎಕ್ಸ್‌ಪೋಷರ್ ನಡೆಯುವಾಗ ಓಡಾಡಬೇಡಿ. ಬಿಸಿಲಿಗೆ ಕಾದ ಸ್ಲ್ಯಾಬಿನಿಂದ ರಾತ್ರಿ ಹತ್ತರವರೆಗೆ ಬಿಸಿ ಏಳುತ್ತಿರುತ್ತದೆ, ಸಂಜೆಯೇ ನೀರು ಹೊಯ್ದರೆ ಸ್ವಲ್ಪ ತಗ್ಗುತ್ತದೆ. ಕೋಟೆ, ಚಂದ್ರವಳ್ಳಿ ಸುತ್ತಿನ ದೊಡ್ಡ ಬಂಡೆಗಳ ಮೇಲಿನ ಆಕಾಶಕ್ಕೂ ಇದೇ ಮಾತು. ಗ್ರಹ ನೋಡುವಾಗ ಅವು ನಿಮ್ಮ ದೃಷ್ಟಿಯ ಕೆಳಗೆ ಬರದಂತೆ ನಿಲ್ಲಿ. ಊರ ಬೆಳಕಿನಲ್ಲಿ ನೀಹಾರಿಕೆ ತೆಗೆಯಲು ಹೈಡ್ರೋಜನ್-ಆಲ್ಫಾ ಮತ್ತು ಆಕ್ಸಿಜನ್ ಎರಡು ಪಟ್ಟಿ ಬಿಡುವ ಫಿಲ್ಟರ್ ಕೆಲಸ ಮಾಡುತ್ತದೆ. ಗ್ಯಾಲಕ್ಸಿಗೆ ಅದರಿಂದ ಲಾಭವಿಲ್ಲ, ಅದಕ್ಕೆ ಕತ್ತಲೇ ಬೇಕು.

ಸೆಕೆಂಡ್ ಹ್ಯಾಂಡ್ ಮೌಂಟ್ ನೋಡೋಕೆ ಹೋದರೆ ಏನು ಪರೀಕ್ಷೆ ಮಾಡಬೇಕು?

ಎರಡೂ ಕ್ಲಚ್ ಬಿಗಿದು ಸಲಾಕೆಯ ತುದಿ ಹಿಡಿದು ಅಲ್ಲಾಡಿಸಿ, ಟಕ್ ಅಂತ ಆಟ ಸಿಕ್ಕರೆ ವರ್ಮ್ ಹೊಂದಿಸಬೇಕು. ಅದು ದೊಡ್ಡ ರಿಪೇರಿಯಲ್ಲ. ಕ್ಲಚ್ ಬಿಟ್ಟು ಅಕ್ಷವನ್ನು ಪೂರ್ತಿ ಒಂದು ಸುತ್ತು ಕೈಯಿಂದ ತಿರುಗಿಸಿ, ಒಂದು ಜಾಗದಲ್ಲಿ ಮಾತ್ರ ಬಿಗಿಯಾದರೆ ಬೇರಿಂಗಿಗೋ ಶಾಫ್ಟಿಗೋ ಪೆಟ್ಟಾಗಿದೆ, ಬಿಟ್ಟುಬಿಡಿ. ಎತ್ತರದ ಬೋಲ್ಟುಗಳನ್ನು ಪೂರ್ತಿ ಬಿಚ್ಚಿ ತೆಗೆದು ಗಾಜಿನ ಮೇಲೆ ಉರುಳಿಸಿ, ಬಾಗಿದ್ದರೆ ತಕ್ಷಣ ಗೊತ್ತಾಗುತ್ತದೆ. ಆಮೇಲೆ ಕರೆಂಟು ಕೊಟ್ಟು ಗರಿಷ್ಠ ವೇಗದಲ್ಲಿ ಎರಡೂ ಕಡೆಗೆ ಓಡಿಸಿ ಶಬ್ದ ಕೇಳಿ, ಒಂದೇ ಸಮನಾಗಿರಬೇಕು. ಮಾರುವವರು ಹ್ಯಾಂಡ್ ಕಂಟ್ರೋಲರ್ ಕಳೆದುಹೋಗಿದೆ ಅಂದರೆ, ಲ್ಯಾಪ್‌ಟಾಪ್ ಮತ್ತು ಅದಕ್ಕೆ ಹೊಂದುವ ಕೇಬಲ್ ಒಯ್ದು ಅಲ್ಲೇ ಓಡಿಸಿ ನೋಡಿ, ಆಮೇಲೆ ಬೆಲೆ ಮಾತಾಡಿ. ಟ್ರೈಪಾಡನ್ನೂ ನಿಲ್ಲಿಸಿ, ಸಲಾಕೆಗೆ ತೂಕ ಹಾಕಿ, ಅಕ್ಷವನ್ನು 14 ಡಿಗ್ರಿಗೆ ಇಳಿಸಿ, ಬಡಿಯುತ್ತದೋ ಇಲ್ಲವೋ ಅವರ ಮನೆಯಂಗಳದಲ್ಲೇ ನೋಡಿಕೊಂಡು ಬನ್ನಿ.